ಮಡಿಲ ಪಾಲು

ಮಾರ್ಚ್ 4

ಇರುವೇ,

ನಿನ್ನ ದೊಡ್ಡಮ್ಮ ಚೆನ್ನಾಗಿದ್ದಾಳೆ. ಮೊಣಕಾಲು ಮಾತ್ರ ನನ್ನ ಮಾತು ಕೇಳುವುದನ್ನು ಬಿಟ್ಟು ಬಹಳ ಕಾಲವಾಯಿತು. ನಾನೂ ಅದರ ಮಾತು ಕೇಳುವುದಿಲ್ಲ, ಎಲ್ಲಿಗೆ ಬೇಕೋ ಅಲ್ಲಿಗೆ ಹೋಗಿ ಬರುತ್ತೇನೆ. ಫೋನು ಮಾಡು ಅನ್ನುತ್ತೀಯ. ಫೋನಿನಲ್ಲಿ ನಿನಗೆ ಸದಾ ಅವಸರ. ಕಾಗದದಲ್ಲಾದರೆ ನಾನು ಹೇಳಿದ್ದನ್ನೆಲ್ಲ ಬಾಯಿ ಮುಚ್ಚಿಕೊಂಡು ಕೇಳಲೇಬೇಕು.

ಇದರ ಜೊತೆ ಪುಡಿಯ ಡಬ್ಬಿ ಇದೆ. ಈ ವರ್ಷ ಬೀಜ ಆರಿಸುವ ಶೆಡ್ಡಿನಿಂದ ನಿನ್ನ ಅಕ್ಕನ ಮಡಿಲು ತುಂಬಿ ತುಂಬಿ ಬರುತ್ತಿದೆ. ಶೆಡ್ಡಿಗೆ ಬರುವ ಕಡಲೆಬೀಜದಲ್ಲಿ ಜೊಳ್ಳು, ಸುಕ್ಕು, ಕಪ್ಪುಮೂತಿ ಎಲ್ಲ ಜಾಸ್ತಿಯಂತೆ. ಜಾಸ್ತಿ ತೆಗೆದುಹಾಕಿದಷ್ಟೂ ಆರಿಸುವವರ ಪಾಲು ಜಾಸ್ತಿ. ನಿನ್ನ ಪರೀಕ್ಷಾಲಯದ ಗೆಳತಿಯರು ಎಲ್ಲಿಯದು ಈ ಪುಡಿ ಅಂತ ಕೇಳಿದರೆ ತಲೆ ಎತ್ತಿ ಹೇಳು: ಒಂದು ಕಾಲದಲ್ಲಿ ಆ ಶೆಡ್ಡಿನಲ್ಲಿ ತೆಗೆದುಹಾಕಿದ ಒಂದು ಬೀಜ ಬಾಯಿಗೆ ಹಾಕಿಕೊಂಡರೂ ಮೇಸ್ತ್ರಿ ಕೈಗೆ ಬಾರಿಸುತ್ತಿದ್ದ, ನಮ್ಮ ದೊಡ್ಡಮ್ಮ ಹೆಂಗಸರನ್ನೆಲ್ಲ ಕಟ್ಟಿಕೊಂಡು ಬಾಗಿಲಿಗೆ ಅಡ್ಡ ಕೂತು, ತೆಗೆದುಹಾಕಿದ ಜೊಳ್ಳನ್ನೆಲ್ಲ ಸಂಜೆ ಮಡಿಲಲ್ಲಿ ಒಯ್ಯುವುದು ನಮ್ಮ ಹಕ್ಕು ಅಂತ ಬರೆಸಿಕೊಂಡಳು ಅಂತ. ನೀನು ಆಗ ಮೇಜಿನ ಕೆಳಗೆ ತೆವಳಿ ಬಿದ್ದ ಬೀಜ ಹೆಕ್ಕುತ್ತಿದ್ದೆ. ಇರುವೆ ಅಂತ ಹೆಸರು ಬಂದದ್ದೇ ಹಾಗೆ.

ಹದವಾಗಿ ಹುರಿದಿದ್ದೇನೆ. ಕಹಿ ಕಾಣದ ಹಾಗೆ ಬೆಲ್ಲ ಸ್ವಲ್ಪ ಮುಂದಾಗಿ ಹಾಕಿದ್ದೇನೆ. ನಿನ್ನ ಅಕ್ಕ ಹೆತ್ತ ನನ್ನ ಮೊಮ್ಮಗಳು ಗುಂಡಮ್ಮ ಹೆಸರಿಗೆ ಮಾತ್ರ ಗುಂಡಮ್ಮ. ಮೂರು ತುಂಬಿದರೂ ಎರಡರ ಮಗುವಿನ ಫ್ರಾಕು ದೊಗಳೆ. ಬಾಯಿ ಮಾತ್ರ ಆರು ವರ್ಷದ್ದು.

ನಿನ್ನ ದೊಡ್ಡಮ್ಮ


ಮಾರ್ಚ್ 19

ದೊಡ್ಡಮ್ಮನವರಿಗೆ,

ಡಬ್ಬಿ ತಲುಪಿತು. ಮೊನ್ನೆ ನಮ್ಮಲ್ಲಿ ಯಂತ್ರ ಖಾಲಿ ಇತ್ತು. ಪುಡಿಯಲ್ಲಿ ಒಂದು ಚಮಚ ಪರೀಕ್ಷೆಗೆ ಇಟ್ಟೆ. ಅದರಲ್ಲಿ ಅಫ್ಲಾಟಾಕ್ಸಿನ್ ಅನ್ನುವ ವಿಷ ಇದೆ. ಒಂದು ಬಗೆಯ ಬೂಷ್ಟು ಬೆಳೆಯುವಾಗ ಬಿಡುವ ವಿಷ ಅದು. ತಿನ್ನುವ ಪದಾರ್ಥದಲ್ಲಿ ಎಷ್ಟರವರೆಗೆ ಇರಬಹುದು ಅಂತ ಒಂದು ಮಿತಿ ಇದೆ. ನಿಮ್ಮ ಪುಡಿಯಲ್ಲಿ ಇರುವುದು ಅದರ ಹತ್ತಾರು ಪಟ್ಟು.

ದಯವಿಟ್ಟು ಮನೆಯಲ್ಲಿ ಉಳಿದಿರುವುದನ್ನು ಬಿಸಾಡಿ. ದನಕ್ಕೂ ಕೋಳಿಗೂ ಹಾಕಬೇಡಿ. ಅಕ್ಕನಿಗೂ ಪಾಲು ತರಬೇಡ ಅಂತ ಹೇಳಿ. ನಾನು ಡಬ್ಬಿ ಮುಚ್ಚಿಟ್ಟಿದ್ದೇನೆ.

ಇಲ್ಲಿ ಕೆಲಸ ಜಾಸ್ತಿ. ಮತ್ತೆ ಬರೆಯುತ್ತೇನೆ.

ಇರುವೆ


ಮಾರ್ಚ್ 27

ಅದ್ಯಾವಾಗಿನಿಂದಮ್ಮ ನಾನು ನಿನಗೆ ‘ದೊಡ್ಡಮ್ಮನವರು’ ಆದದ್ದು? ‘ದಯವಿಟ್ಟು’ ಬೇರೆ! ನಿನ್ನ ಕಾಗದ ಓದಿ, ಎಲ್ಲೋ ಕಂದಾಯದ ಕಚೇರಿಯವರು ನೋಟಿಸು ಕೊಟ್ಟಿದ್ದಾರೆ ಅಂದುಕೊಂಡೆ.

ಬಿಸಾಡಬೇಕಂತೆ. ನಿನ್ನ ಹಲ್ಲು ಬಂದದ್ದು ಆ ಪುಡಿ ತಿಂದು. ನೀನು ಶಾಲೆಗೆ ಓಡಿದ್ದು ಆ ಪುಡಿ ತಿಂದು. ಈಗ ಬಿಳಿ ಕೋಟು ಹಾಕಿಕೊಂಡ ಮೇಲೆ ಅದು ವಿಷ ಆಯಿತು. ಶೆಡ್ಡಿನ ಯಜಮಾನನ ಕಡೆಯವರು ಯಾರಾದರೂ ನಿನ್ನ ಕಿವಿ ಊದಿದ್ದಾರಾ? ಪಾಲು ಕಿತ್ತುಕೊಳ್ಳೋಕೆ ಅವನು ಎಷ್ಟು ವರ್ಷದಿಂದ ನೆಪ ಹುಡುಕುತ್ತಿದ್ದಾನೆ ಅನ್ನುವುದು ನಿನಗೆ ಗೊತ್ತಿಲ್ಲದ್ದೇನಲ್ಲ.

ಇನ್ನೊಂದು ಮಾತು. ನಾನು ಹಸಿಯಾಗಿ ಕಳಿಸಿದವಳಲ್ಲ, ಹುರಿದು ಕಳಿಸಿದವಳು. ಬಾಣಲೆಯಲ್ಲಿ ಹೊಗೆ ಏಳುವವರೆಗೆ ಹುರಿದ ಮೇಲೆ ಯಾವ ಬೂಷ್ಟು ಜೀವ ಹಿಡಿದುಕೊಂಡು ಕೂತಿರುತ್ತದೆ? ಅಷ್ಟು ಗಟ್ಟಿ ಜೀವ ಇದ್ದರೆ ಅದಕ್ಕೊಂದು ನಮಸ್ಕಾರ.

ಇರಲಿ, ಸುಮ್ಮನೆ ತಿಳಿಯೋಣ ಅಂತ ಕೇಳುತ್ತೇನೆ. ಪಕ್ಕದ ಮನೆಯಲ್ಲಿ ಒಂದು ಮಗು ಇದೆ. ಅವರು ಬೆಳಿಗ್ಗೆ ಹಾಲಿಗೆ ಎರಡು ಚಮಚ ಇಂಥದ್ದೇ ಪುಡಿ ಕಲಸಿ ಕುಡಿಸುತ್ತಾರಂತೆ, ದಿನಾ, ಮೈ ಹತ್ತಲಿ ಅಂತ. ಅಂಥ ಮಗುವಿಗೆ ಏನಾದರೂ ಆಗುತ್ತದೆಯೇ? ನನಗೇನೂ ಅವಸರವಿಲ್ಲ. ಬಿಡುವಾದಾಗ ಬರೆ. ಬೇಗ ಬಿಡುವು ಮಾಡಿಕೊ.

ದೊಡ್ಡಮ್ಮ


ಏಪ್ರಿಲ್ 3

ದೊಡ್ಡಮ್ಮಾ,

ಪಕ್ಕದ ಮನೆ ಖಾಲಿ ಬಿದ್ದಿದೆ, ಬಾಗಿಲಿಗೆ ಗೆದ್ದಲು ಹತ್ತಿದೆ ಅಂತ ಜನವರಿಯಲ್ಲಿ ನೀನೇ ಬರೆದಿದ್ದೆ.

ಗುಂಡಮ್ಮನಿಗೆ ಇವತ್ತಿನಿಂದಲೇ ನಿಲ್ಲಿಸು. ಕಾಗದ ಓದಿ ಮುಗಿಸುವುದಕ್ಕೂ ಕಾಯಬೇಡ, ಮೊದಲು ಹೋಗಿ ಆ ಪುಡಿ ಎತ್ತಿಡು, ಆಮೇಲೆ ಬಂದು ಉಳಿದದ್ದು ಓದು.

ಎತ್ತಿಟ್ಟೆಯಾ? ಸರಿ. ಹುರಿದರೆ ಬೂಷ್ಟು ಸಾಯುತ್ತದೆ, ನೀನು ಹೇಳಿದ್ದು ನಿಜ. ಆದರೆ ಅದು ಸಾಯುವುದಕ್ಕೆ ಮುಂಚೆ ಬೀಜದೊಳಗೆ ಬಿಟ್ಟ ವಿಷ ಬೆಂಕಿಗೆ ಅಷ್ಟು ಸುಲಭವಾಗಿ ಬಗ್ಗುವುದಿಲ್ಲ. ಮನೆ ಬಾಣಲೆಯ ಶಾಖ ಅದಕ್ಕೆ ಏನೇನೂ ಸಾಲದು. ತೊಳೆದರೂ ಹೋಗಲ್ಲ. ಬಣ್ಣವಿಲ್ಲ, ವಾಸನೆಯೂ ಇಲ್ಲ. ನಿಮಗೆ ಕಹಿ ಅನ್ನಿಸುವುದು ಕೆಟ್ಟ ಬೀಜದ ಕಹಿ. ಆ ಕಹಿಯನ್ನು ಬೆಲ್ಲ ಹಾಕಿ ಮರೆಸಿದರೆ ನಾಲಿಗೆ ಕೊಡುವ ಒಂದೇ ಒಂದು ಎಚ್ಚರಿಕೆಯನ್ನೂ ಮುಚ್ಚಿದ ಹಾಗೆ.

ನಿನಗೆ ಕೋಪ ಬರುವ ಮಾತು ಇದು, ಆದರೂ ಹೇಳುತ್ತೇನೆ. ಸುಕ್ಕಾದದ್ದು, ಕಪ್ಪಾದದ್ದು, ಒಡೆದದ್ದು, ಇವುಗಳಲ್ಲೇ ಈ ವಿಷ ಹೆಚ್ಚು ಕೂಡಿರುತ್ತದೆ. ನೀವು ಚೆನ್ನಾಗಿ ಆರಿಸಿದಷ್ಟೂ ಒಳ್ಳೆಯ ಮೂಟೆ ಶುದ್ಧವಾಗುತ್ತದೆ. ಇಡೀ ಮೂಟೆಯ ವಿಷ ನಿಮ್ಮ ಮಡಿಲಿಗೆ ಬರುತ್ತದೆ. ಒಂದು ದಿನ ತಿಂದರೆ ಏನೂ ಕಾಣಿಸದು. ದಿನಾ ಸ್ವಲ್ಪ ಸ್ವಲ್ಪ ತಿಂದರೆ ವರ್ಷಗಳ ಮೇಲೆ ಲಿವರಿಗೆ ಪೆಟ್ಟು, ಕ್ಯಾನ್ಸರಿನವರೆಗೂ ಹೋಗಬಹುದು. ದಿನಾ ತಿನ್ನುವ ಮಕ್ಕಳಲ್ಲಿ ಬೆಳವಣಿಗೆಯೂ ಕುಂಠಿತವಾಗಬಹುದು ಅಂತ ಹೇಳುತ್ತಾರೆ.

ಅವಳನ್ನು ಡಾಕ್ಟರಿಗೆ ತೋರಿಸು. ಹೆದರಿಸೋಕೆ ಬರೆಯುತ್ತಿಲ್ಲ. ಯಜಮಾನನ ಕಡೆಯವರು ಯಾರೂ ನನ್ನ ಕಿವಿ ಊದಿಲ್ಲ.

ಇರುವೆ


ಏಪ್ರಿಲ್ 12

ಇರುವೇ,

ಪುಡಿ ಹಿತ್ತಲಲ್ಲಿ ಗುಂಡಿ ತೋಡಿ ಹೂತೆ. ಕೋಳಿ ಕೆದಕದ ಹಾಗೆ ಮೇಲೆ ಚಪ್ಪಡಿ ಎಳೆದೆ. ಮೊಣಕಾಲು ಕೂಗಾಡಿತು, ಕೇಳಲಿಲ್ಲ.

ಗುಂಡಮ್ಮನನ್ನು ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದೆವು. ತೂಕ ನೋಡಿದರು, ಹೊಟ್ಟೆ ಒತ್ತಿ ನೋಡಿದರು, ರಕ್ತ ತೆಗೆದರು. ಇವಳು ಅಳುವ ಬದಲು “ನನ್ನ ರಕ್ತ ವಾಪಸ್ ಕೊಡಿ” ಅಂತ ಜಗಳಕ್ಕೆ ನಿಂತಳು. ಲಿವರಿನ ರಕ್ತಪರೀಕ್ಷೆಯಲ್ಲಿ ಕೆಟ್ಟದ್ದೇನೂ ಕಂಡಿಲ್ಲ. ಆದರೆ ವಯಸ್ಸಿಗೆ ತಕ್ಕ ಎತ್ತರವಿಲ್ಲ, ತೂಕವಿಲ್ಲ. “ಇದೇ ಕಾರಣ ಅಂತ ಬೆರಳಿಟ್ಟು ಹೇಳೋಕೆ ಆಗಲ್ಲ ಅಜ್ಜಿ, ನೂರು ಕಾರಣ ಇರುತ್ತೆ. ಆ ಪುಡಿ ನಿಲ್ಲಿಸಿ, ಮೊಟ್ಟೆ, ಹಾಲು, ಬೇಳೆ ಕೊಡಿ, ತಿಂಗಳಿಗೊಮ್ಮೆ ಕರ್ಕೊಂಡು ಬನ್ನಿ” ಅಂದರು.

ನಿನ್ನ ಎರಡೂ ಕಾಗದ ಮತ್ತೆ ಓದಿದೆ. ಮಗು ಇದೆ, ಅಕ್ಕ ಇದ್ದಾಳೆ, ಕೋಳಿಯೂ ಇದೆ. ಒಬ್ಬಳು ಮಾತ್ರ ಇಲ್ಲ.

ನಿನ್ನಮ್ಮನೂ ಅದೇ ಮೇಜಿನಲ್ಲಿ ನನ್ನ ಪಕ್ಕದಲ್ಲೇ ಕೂತು ಆರಿಸಿದವಳು. ನನಗಿಂತ ಜಾಸ್ತಿ ಅವಳೇ ತಿಂದಳು, ಬೇರೆ ಊಟವನ್ನು ನಿನಗೆ ಬಿಟ್ಟು. ಅವಳನ್ನು ತೆಗೆದುಕೊಂಡು ಹೋದದ್ದು ಲಿವರು. ನೇರ ಕೇಳುತ್ತೇನೆ, ನೇರ ಹೇಳು. ಆ ಪುಡಿಯಿಂದಲೇ?

ದೊಡ್ಡಮ್ಮ


ಮೇ 2

ಇರುವೇ,

ನಿನ್ನ ಉತ್ತರ ಬಂದಿಲ್ಲ. ಅಂಚೆಯವನನ್ನು ದಿನಾ ಬೈದು ಬೈದು ಅವನು ಈಗ ನಮ್ಮ ಬೀದಿಗೆ ಬರುವಾಗ ಸೈಕಲ್ಲಿನ ಗಂಟೆಯನ್ನೇ ಬಾರಿಸುವುದಿಲ್ಲ. ಇರಲಿ. ನೀನು ಬರೆಯುವವರೆಗೆ ಕೈ ಕಟ್ಟಿ ಕೂರುವ ಜಾಯಮಾನ ನನ್ನದಲ್ಲ.

ಶೆಡ್ಡಿಗೆ ಹೋಗಿದ್ದೆ. ಮಧ್ಯಾಹ್ನದ ಬಿಡುವಿನಲ್ಲಿ, ಕೈತೊಳೆಯುವ ನಲ್ಲಿಯ ಹತ್ತಿರ ಎಲ್ಲರನ್ನೂ ಸೇರಿಸಿ ನೀನು ಬರೆದದ್ದನ್ನು ಓದಿ ಹೇಳಿದೆ. ಜೋರುಬಾಯಿ ಗೊತ್ತಲ್ಲ, ಮೂರನೇ ಮೇಜಿನವಳು, ಅವಳು ಸೊಂಟಕ್ಕೆ ಕೈ ಇಟ್ಟುಕೊಂಡು ನಿಂತಳು.

“ಕೊಡಿಸಿದವರೂ ನೀವೇ, ಕಿತ್ಕೊಳ್ಳೋರೂ ನೀವೇನಾ ದೊಡ್ಡಮ್ಮ?”

“ಕಿತ್ಕೊಳ್ತಿಲ್ಲ ಕಣೇ, ತಿನ್ನಬೇಡಿ ಅಂತಿದೀನಿ.”

“ತಿನ್ನದೆ ಮನೇಲಿಟ್ಟು ಪೂಜೆ ಮಾಡೋದಾ? ನಮ್ಮತ್ತೆ ಇದನ್ನೇ ತಿಂದು ಎಂಬತ್ತು ವರ್ಷಕ್ಕೂ ಗುಂಡುಕಲ್ಲಿನ ಹಾಗಿದಾರೆ.”

“ನಿಮ್ಮತ್ತೆಗೆ ವಿಷವೇ ಹೆದರುತ್ತೆ ಬಿಡೇ” ಅಂತ ಅಕ್ಕ ಅಂದಳು. ಎಲ್ಲರೂ ನಕ್ಕರು, ಜೋರುಬಾಯಿಯೂ ನಕ್ಕಳು. ನಕ್ಕು ಮುಗಿದ ಮೇಲೆ ಒಬ್ಬಳು ಮೆಲ್ಲಗೆ, “ನಾನು ಕೂಸಿಗೆ ಗಂಜೀಲಿ ಹಾಕ್ತೀನಿ” ಅಂದಳು. ಇನ್ನೊಬ್ಬಳು “ನಾನೂ” ಅಂದಳು. ಆಮೇಲೆ ನಾನು ಮುಖ ಎಣಿಸುವುದನ್ನು ಬಿಟ್ಟೆ.

ಮೇಸ್ತ್ರಿ ಹೋಗಿ ಯಜಮಾನನಿಗೆ ಊದಿದ. ಅವನು ನಗುನಗುತ್ತಾ ಹೊರಗೆ ಬಂದ. “ಪಾಲು ಬೇಡವಂತೆ? ಬಹಳ ಸಂತೋಷ. ಪುಡಿ ಮಾಡೋ ಗಿರಣಿಯವನು ಬಾಗಿಲಲ್ಲೇ ಕಾಯ್ತಿದಾನೆ, ಜೊಳ್ಳೆಲ್ಲ ಅವನಿಗೆ ಕಳಿಸ್ತೀನಿ.” ಆ ಗಿರಣಿಯವನು ಏನು ಮಾಡುತ್ತಾನೆ ಗೊತ್ತಾ? ಜೊಳ್ಳನ್ನು ಬೀಸಿ, ಮಸಾಲೆ ಬೆರೆಸಿ, ಬಣ್ಣದ ಚೀಟಿ ಹಚ್ಚಿ ಅಂಗಡಿಗಳಿಗೆ ಹಾಕುತ್ತಾನೆ.

ನೋಡು ನನ್ನ ಪಾಡು. ಪಾಲು ತಂದರೆ ನಮ್ಮ ಮಕ್ಕಳು ತಿನ್ನುತ್ತವೆ, ಬಿಟ್ಟರೆ ಊರಿನ ಮಕ್ಕಳು ತಿನ್ನುತ್ತವೆ. “ಹಂಗಾದ್ರೆ ನಾವು ಆರಿಸೋದೇ ಬೇಡ, ಜೊಳ್ಳೆಲ್ಲ ಒಳ್ಳೇ ಮೂಟೆಗೇ ಸುರಿಯೋಣ, ಅವನ ಮಾಲು ವಾಪಸ್ ಬರಲಿ, ಬುದ್ಧಿ ಬರುತ್ತೆ” ಅಂದಳು ಜೋರುಬಾಯಿ. ಅವಳನ್ನು ಒಂದು ನೋಟ ನೋಡಿದೆ. “ವಾಪಸ್ ಬರದೇ ಹೋದ ಮೂಟೆ ಯಾರ ಮನೆಗೆ ಹೋಗುತ್ತೆ? ಆ ಮನೇಲಿ ತೊಟ್ಟಿಲು ಇಲ್ವಾ?” ಅಂದೆ.

ದಾರಿ ಇನ್ನೂ ಕಂಡಿಲ್ಲ. ಕಾಣದೆ ಎಲ್ಲಿಗೆ ಹೋಗುತ್ತದೆ, ನಾನೂ ನೋಡುತ್ತೇನೆ.

ನನ್ನ ಪ್ರಶ್ನೆ ಹಾಗೇ ಇದೆ.

ದೊಡ್ಡಮ್ಮ


ಮೇ 15

ದೊಡ್ಡಮ್ಮಾ,

ಅಂಚೆಯವನನ್ನು ಬೈಯಬೇಡ. ಬರೆಯದೇ ಇದ್ದವಳು ನಾನು.

ಯಂತ್ರ ಖಾಲಿ ಇತ್ತು ಅಂತ ನಾನು ಬರೆದದ್ದು ಸುಳ್ಳು. ಅದು ಎಂದೂ ಖಾಲಿ ಇರುವುದಿಲ್ಲ. ಈ ಕೆಲಸಕ್ಕೆ ಸೇರಿ, ಕಡಲೆಬೀಜದ ಮೊದಲ ಮೂಟೆಯ ಪರೀಕ್ಷೆ ಮಾಡಿದ ದಿನದಿಂದ ನನ್ನ ತಲೆಯಲ್ಲಿ ಇದ್ದದ್ದು ಅಮ್ಮನೇ. ನಿನ್ನ ಡಬ್ಬಿ ಬಂದಾಗ ಮೇಲಿನವರನ್ನು ಬೇಡಿಕೊಂಡು ಸರದಿ ಪಡೆದೆ. ಉತ್ತರ ನೋಡಿದ ಮೇಲೆ ಅಮ್ಮನ ಮಾತು ಎತ್ತಿದರೆ ನೀನು ಕುಸಿದುಹೋಗುತ್ತೀಯ ಅಂದುಕೊಂಡೆ. ಅದಕ್ಕೇ ಆ ನೋಟಿಸಿನಂಥ ಕಾಗದ.

ಅಮ್ಮ ನನಗೆ ಕಟ್ಟಿಕೊಟ್ಟ ಕೊನೆಯ ಡಬ್ಬಿ ಇನ್ನೂ ನನ್ನ ಕಪಾಟಿನಲ್ಲಿದೆ. ತಿನ್ನಲು ಮನಸ್ಸಾಗದೆ ಹಾಗೇ ಇಟ್ಟಿದ್ದೆ. ನಿನ್ನ ಪ್ರಶ್ನೆ ಬಂದ ಮೇಲೆ ಅದನ್ನು ಪರೀಕ್ಷೆಗೆ ತೆಗೆದುಕೊಂಡು ಹೋಗಬೇಕು ಅಂತ ಚೀಲಕ್ಕೆ ಹಾಕಿಕೊಂಡೆ, ಬಾಗಿಲವರೆಗೆ ಹೋಗಿ ಮತ್ತೆ ಕಪಾಟಿಗೆ ಇಟ್ಟೆ. ಹೀಗೆ ಎಷ್ಟು ಬೆಳಿಗ್ಗೆ ಮಾಡಿದೆನೋ. ಕೊನೆಗೆ ಅರ್ಥವಾಯಿತು, ಅದು ಏನನ್ನೂ ಹೇಳಲಾರದು. ಇಷ್ಟು ವರ್ಷ ಕೂತ ಡಬ್ಬಿಯಲ್ಲಿ ಬೂಷ್ಟು ಆಮೇಲೂ ಬೆಳೆದಿರಬಹುದು.

ನೇರ ಕೇಳಿದೆ, ನೇರ ಹೇಳುತ್ತೇನೆ. ಗೊತ್ತಿಲ್ಲ ದೊಡ್ಡಮ್ಮ. ಇರಬಹುದು. ಅಮ್ಮನಿಗೆ ಕಾಮಾಲೆಯೂ ಬಂದಿತ್ತು, ಅದರಿಂದಲೂ ಇರಬಹುದು. ಎರಡೂ ಸೇರಿದರೆ ಅಪಾಯ ಇನ್ನೂ ಹೆಚ್ಚು. ಇನ್ನು ಯಾವ ಯಂತ್ರವೂ ಅದನ್ನು ಹೇಳುವುದಿಲ್ಲ. ನಿನ್ನನ್ನು ಸಮಾಧಾನ ಮಾಡೋಕೆ ‘ಅಲ್ಲ’ ಅಂತ ಬರೆಯಬಹುದಿತ್ತು. ನೀನು ನಂಬುತ್ತಿರಲಿಲ್ಲ.

ನೀನು ಬೇಕಾದರೆ ಶೆಡ್ಡಿನ ವಿಷಯ ಬಿಟ್ಟುಬಿಡು. ನಿನಗೆ ವಯಸ್ಸಾಯಿತು. ನಾನು ಇಲ್ಲಿಂದ ಇಲಾಖೆಯವರಿಗೆ ದೂರು ಬರೆಯುತ್ತೇನೆ.

ನಿನ್ನ ಇರುವೆ


ಜೂನ್ 8

ಇರುವೇ,

ವಯಸ್ಸಾಯಿತಂತೆ! ದೂರು ಬರೆ, ಬೇಡ ಅನ್ನಲ್ಲ. ಆದರೆ ನಿನ್ನ ಇಲಾಖೆಯವರು ಕನ್ನಡಕ ಹುಡುಕಿ, ಹಾಕಿಕೊಂಡು, ಅದನ್ನು ಓದುವಷ್ಟರಲ್ಲಿ ನಾವು ಕೆಲಸ ಮುಗಿಸಿದ್ದೇವೆ.

ಮೊದಲು ನಿನ್ನಮ್ಮನ ಮಾತು. ನಿನ್ನ ಕಾಗದ ಓದಿ ಒಂದು ದಿನ ಶೆಡ್ಡಿನ ಕಡೆ ಹೋಗಲಿಲ್ಲ. ಅಷ್ಟೇ. ಕುಸಿಯಲಿಲ್ಲ. ಆ ಕಾಲದಲ್ಲಿ ನಮ್ಮ ಎದುರಿಗೆ ಇದ್ದದ್ದು ಹಸಿವು, ಬೂಷ್ಟಿನ ವಿಷದ ಮಾತು ನಮಗೆ ಹೇಳಿದವರೇ ಇರಲಿಲ್ಲ. ಆವತ್ತು ಬಾಗಿಲಿಗೆ ಅಡ್ಡ ಕೂತದ್ದು ಸರಿಯೇ. ಪಾಲು ಕೇಳಿದ್ದೂ ಸರಿ. ಯಾವ ರಾಶಿಯಿಂದ ಕೇಳಬೇಕು ಅನ್ನುವುದು ಈಗ ಗೊತ್ತಾಯಿತು. ಗೊತ್ತಾದ ಮೇಲೆ ಮತ್ತೆ ಹೋಗಿ ಕೂರಬೇಕು, ಬೇರೆ ದಾರಿ ಇಲ್ಲ.

ದಾರಿ ಕಂಡದ್ದು ಬಟ್ಟೆ ಒಗೆಯುವಾಗ. ಗುಂಡಮ್ಮನ ಬಿಳಿ ಫ್ರಾಕನ್ನು ನೀಲಿಯಲ್ಲಿ ಅದ್ದುತ್ತಿದ್ದೆ, ಅವಳು ತಿನ್ನುತ್ತಿದ್ದ ರೊಟ್ಟಿ ಬಕೆಟ್ಟಿಗೆ ಬಿತ್ತು. ಎತ್ತಿ ಕೊಟ್ಟರೆ ಮೂಗು ಮುರಿದು, “ಇದು ನೀಲಿ, ಯಾರೂ ತಿನ್ನಲ್ಲ” ಅಂದಳು. ಕೈಯಲ್ಲಿದ್ದ ಫ್ರಾಕು ಕೈಯಲ್ಲೇ ಉಳಿಯಿತು.

ಮರುದಿನ ಎಲ್ಲರಿಗೂ ಹೇಳಿದೆ. ಎರಡೇ ಕೆಲಸ. ಒಂದು, ಯಾರೂ ಪಾಲು ಮನೆಗೆ ಒಯ್ಯಬಾರದು, ಶೆಡ್ಡಿನ ಮಧ್ಯದಲ್ಲೇ ಸುರಿಯಬೇಕು, ಅದರ ಮೇಲೆ ನೀಲಿ ನೀರು. ಎರಡು, ಕಣ್ಣಿಟ್ಟು ಆರಿಸಬೇಕು. ಮೇಸ್ತ್ರಿ ಯಾವಾಗಲೂ “ಸ್ವಲ್ಪ ಸುಕ್ಕಾದದ್ದು ಇರಲಿ ಬಿಡ್ರಮ್ಮ, ಅಷ್ಟೇನೂ ಕಾಣಲ್ಲ” ಅಂತ ಒಳ್ಳೆಯ ರಾಶಿಗೆ ತಳ್ಳಿಸುತ್ತಿದ್ದನಲ್ಲ, ಇನ್ನು ಮೇಲೆ ಅದು ನಡೆಯಬಾರದು. ಒಂದೇ ಒಂದು ಅನುಮಾನದ ಬೀಜವೂ ದಾಟಬಾರದು.

ಅಯ್ಯೋ, ನೀನು ನೋಡಬೇಕಿತ್ತು. ಜೊಳ್ಳಿನ ರಾಶಿ ಏರಿತು, ಒಳ್ಳೆಯ ರಾಶಿ ಇಳಿಯಿತು. ಗಿರಣಿಯವನ ಗಾಡಿ ಬಂತು, ನೀಲಿ ಗುಡ್ಡ ನೋಡಿ ಬಾಯಿ ಬಿಟ್ಟುಕೊಂಡು ನಿಂತ, ಖಾಲಿ ಗಾಡಿ ತಿರುಗಿಸಿಕೊಂಡು ಹೋದ. ರಾಶಿ ಯಜಮಾನನ ಕೋಣೆಯ ಬಾಗಿಲವರೆಗೆ ಬಂತು. ಅವನು ಪಂಚೆಯನ್ನೋ ಪ್ಯಾಂಟನ್ನೋ ಎತ್ತಿ ಹಿಡಿದುಕೊಂಡು ದಾಟಬೇಕು, ಇಲ್ಲವೇ ಕಾಲೆಲ್ಲ ನೀಲಿ. ಮೇಸ್ತ್ರಿಯ ಬಿಳಿ ಬೂಟು ಮೊದಲ ದಿನವೇ ಹೋಯಿತು.

“ಯಾರ್ರೀ ಇದು ನನ್ನ ಮಾಲಿಗೆ ಬಣ್ಣ ಹಾಕಿದ್ದು?” ಅಂತ ಯಜಮಾನ ಕೂಗಿದ.

ಜೋರುಬಾಯಿ ಎದ್ದಳು. ಅವಳ ಬಾಯಿ ಒಂದು ಸಲ ನಮ್ಮ ಕಡೆಗೆ ತಿರುಗಿತಲ್ಲ ಅಂತ ನನಗೆ ಆನಂದ. “ನಿಮ್ಮ ಮಾಲಲ್ಲ ಸ್ವಾಮಿ, ಅದು ನಮ್ಮ ಪಾಲು. ಬರಹದಲ್ಲಿದೆ. ನಮ್ಮ ಪಾಲಿಗೆ ನಾವು ನೀಲಿ ಹಾಕ್ತೀವಿ, ಹಳದಿ ಹಾಕ್ತೀವಿ, ಜಡೆ ಹೆಣೀತೀವಿ.”

“ಎಲ್ಲರನ್ನೂ ಕೆಲಸದಿಂದ ತೆಗೀತೀನಿ!”

“ತೆಗೀರಿ. ಲಾರಿ ಬಂದು ನಿಂತಿದೆ. ಇಷ್ಟು ಮೂಟೆ ಯಾರು ಆರಿಸ್ತಾರೆ, ಮೇಸ್ತ್ರಿಯಾ? ಅವನಿಗೆ ಬೀಜಕ್ಕೂ ಕಲ್ಲಿಗೂ ವ್ಯತ್ಯಾಸ ಗೊತ್ತಾಗೋದು ಹಲ್ಲು ಮುರಿದ ಮೇಲೆ.”

ನಾನು ಒಂದು ಕುರ್ಚಿ ತರಿಸಿಕೊಂಡು ಬಾಗಿಲಿಗೆ ಅಡ್ಡ ಹಾಕಿ ಕೂತೆ. ಆವತ್ತು ನೆಲದ ಮೇಲೆ ಕೂತಿದ್ದೆ, ಈಗ ಮೊಣಕಾಲಿಗೆ ಅಷ್ಟು ಮರ್ಯಾದೆ ಕೊಡಬೇಕಾಯಿತು. ಅವನು ಬಂದು, “ಅಮ್ಮಾ, ನೀವು ಹಿರಿಯರು, ಹೇಳಿ, ಏನು ಬೇಕು?” ಅಂದ.

“ಮಡಿಲು ಅದೇ. ರಾಶಿ ಬೇರೆ” ಅಂದೆ.

ವಾರ ಹಗ್ಗ ಜಗ್ಗಾಡಿದ. ಕೊನೆಗೆ ಒಪ್ಪಿದ್ದು ಹೀಗೆ. ಸಂಜೆಯ ಪಾಲು ಒಳ್ಳೆಯ ರಾಶಿಯಿಂದ, ಮಡಿಲು ಮೊದಲಿಗಿಂತ ಚಿಕ್ಕದು. ಅದಕ್ಕೆ ನಾವೂ ತಲೆಯಾಡಿಸಿದೆವು. ಜೊಳ್ಳಿಗೆಲ್ಲ ನೀಲಿ ಹಾಕಿ ಇಟ್ಟಿಗೆ ಗೂಡಿಗೆ ಸುಡಲು ಕಳಿಸಬೇಕು. ಜೊಳ್ಳು ಈ ವರ್ಷ ಯಾಕೆ ಇಷ್ಟು ಬಂತು ಅಂತ ನಾನು ಹಿಂದಿನ ಗೋದಾಮಿಗೆ ಹೋಗಿ ನೋಡಿದೆ. ಹಂಚಿನ ಮಾಡು ಸೋರುತ್ತದೆ, ಮೂಟೆಗಳು ಒದ್ದೆ ನೆಲಕ್ಕೇ ಅಂಟಿ ಕೂತಿವೆ, ಕೈ ಹಾಕಿದರೆ ಒಳಗೆ ಬೆಚ್ಚಗೆ ಬೆವರುತ್ತಿವೆ. ಮಾಡು ಸರಿಮಾಡಿಸಿ, ಮೂಟೆಯ ಕೆಳಗೆ ಹಲಗೆ ಹಾಕಿಸುವುದೂ ಒಪ್ಪಂದದಲ್ಲಿ ಸೇರಿತು. ಹಲಗೆ ಬಂದಿದೆ. ಮಾಡು ಇನ್ನೂ ಬಾಯಿಮಾತಿನಲ್ಲೇ ಇದೆ. ಅದಕ್ಕೇ ಕುರ್ಚಿಯನ್ನು ನಾನು ಮನೆಗೆ ತಂದಿಲ್ಲ, ಶೆಡ್ಡಿನ ಬಾಗಿಲಲ್ಲೇ ಬಿಟ್ಟು ಬಂದಿದ್ದೇನೆ, ಅವನಿಗೆ ಕಾಣುತ್ತಿರಲಿ ಅಂತ.

ದೊಡ್ಡಮ್ಮ


ಜೂನ್ 21

ದೊಡ್ಡಮ್ಮಾ,

ನಿನ್ನ ಕಾಗದವನ್ನು ಪರೀಕ್ಷಾಲಯದಲ್ಲಿ ಓದಿ ಹೇಳಿದೆ. ‘ಜಡೆ ಹೆಣೀತೀವಿ’ ಅನ್ನುವ ಮಾತು ಇಲ್ಲಿ ಎಲ್ಲರ ಬಾಯಲ್ಲಿದೆ. ಮೇಲಿನವರು ಮಾತ್ರ ನಗಲಿಲ್ಲ. ಆ ಗಿರಣಿಯ ಪುಡಿಯನ್ನು ಅಂಗಡಿಯಿಂದ ತರಿಸಿ ಪರೀಕ್ಷೆಗೆ ಹಾಕುತ್ತೇವೆ ಅಂದರು. ಹಾಕಿಸುತ್ತೇನೆ, ಬಿಡುವುದಿಲ್ಲ.

ಒಂದು ಎಚ್ಚರಿಕೆ. ನೋಡಲು ಚೆನ್ನಾಗಿರುವ ಬೀಜದಲ್ಲೂ ಕೆಲವೊಮ್ಮೆ ವಿಷ ಅಡಗಿರುತ್ತದೆ. ಒಣಗಿಸುವುದನ್ನು ಬಿಡಬೇಡಿ. ಗುಂಡಮ್ಮನ ತೂಕ ಎಷ್ಟಾಯಿತು, ಬರೆ.

ಈ ಪೊಟ್ಟಣದಲ್ಲಿ ಖಾಲಿ ಡಬ್ಬಿ ಇದೆ. ನೋಡಿದರೆ ನಿನಗೇ ಗೊತ್ತಾಗುತ್ತದೆ ಯಾರದ್ದು ಅಂತ. ಒಳಗಿದ್ದದ್ದನ್ನು ಸುಟ್ಟೆ. ಡಬ್ಬಿಯನ್ನು ಬಿಸಿನೀರು ಹಾಕಿ ಉಜ್ಜಿ, ಬಿಸಿಲಿಗೆ ಇಟ್ಟು ಒಣಗಿಸಿದ್ದೇನೆ. ತುಂಬಿ ಕಳಿಸು.

ನಿನ್ನ ಇರುವೆ


ಜುಲೈ 5

ಇರುವೇ,

ಮುಚ್ಚಳದ ಮೇಲಿನ ತಗ್ಗು ನೋಡಿದೊಡನೆ ಗೊತ್ತಾಯಿತು. ಅದು ಬಿದ್ದದ್ದು ನಿನ್ನಮ್ಮ ಅದರಲ್ಲಿ ನನ್ನ ತಲೆಗೆ ಹೊಡೆಯಲು ಬಂದು ಗೋಡೆಗೆ ಹೊಡೆದಾಗ. ಜಗಳ ಯಾವುದಕ್ಕೆ ಅನ್ನುವುದು ಮರೆತಿದೆ. ಗುರಿ ತಪ್ಪಿದ್ದಕ್ಕೆ ಅವಳು ಮೂರು ದಿನ ಮುಖ ಊದಿಸಿಕೊಂಡಿದ್ದಳು.

ಗುಂಡಮ್ಮನ ತೂಕ ಸ್ವಲ್ಪ ಏರಿದೆ, ಎತ್ತರ ಇನ್ನೂ ಅಷ್ಟೇ. ಡಾಕ್ಟರಮ್ಮ ಕಾಯಿರಿ ಅಂದಿದ್ದಾರೆ. ಕಾಯುತ್ತೇನೆ. ಮಾಡಿನ ಅರ್ಧ ಹಂಚು ಬದಲಾಯಿತು. ಉಳಿದರ್ಧಕ್ಕೆ ಕುರ್ಚಿ ಇನ್ನೂ ಅಲ್ಲೇ ಇದೆ.

ಡಬ್ಬಿಗೆ ಈ ಸಲ ಪುಡಿ ಮಾಡಲಿಲ್ಲ, ಬೆಲ್ಲವನ್ನೂ ಹಾಕಲಿಲ್ಲ. ಇಡೀ ಬೀಜವನ್ನೇ ಹುರಿದು ತುಂಬಿದ್ದೇನೆ, ಕಹಿ ಇದ್ದರೆ ನಾಲಿಗೆಗೆ ಗೊತ್ತಾಗಲಿ ಅಂತ. ಮೊದಲು ನಿನ್ನ ಯಂತ್ರ ತಿನ್ನಲಿ, ಆಮೇಲೆ ನೀನು.

ತುಂಬುವಾಗ ಗುಂಡಮ್ಮ ಪಕ್ಕದಲ್ಲಿ ಕೂತಿದ್ದಳು. ಒಂದು ಬೀಜ ಎತ್ತಿ, ಕಿಟಕಿಯ ಬೆಳಕಿಗೆ ಹಿಡಿದು, ಥೇಟು ನಿನ್ನಮ್ಮನ ಹಾಗೆ ಒಂದು ಕಣ್ಣು ಕಿರಿದು ಮಾಡಿ, “ಅಜ್ಜಿ, ಇದು ಬೇಡ” ಅಂದಳು. ಕನ್ನಡಕ ಹಾಕಿಕೊಂಡು ನೋಡಿದೆ. ಸುಕ್ಕಿರಲಿಲ್ಲ, ಕಪ್ಪಿರಲಿಲ್ಲ, ಒಡೆದೂ ಇರಲಿಲ್ಲ.

ನಾನು ವಾದಿಸಲಿಲ್ಲ. ನೀಲಿ ಬಕೆಟ್ಟಿಗೆ ಹಾಕಿದೆ.

ನಿನ್ನ ದೊಡ್ಡಮ್ಮ